ಐದು ಮೆಟ್ಟಿಲಿನ ಗೋಪುರವೂ ಕೂಲಿಯ ಲೆಕ್ಕವೂ

ಕೂಲಿ ಹೆಚ್ಚಿಸಿರೆಂದು ಕೇಳಿದರೆ ಮಾಲೀಕರಿಂದ ಈಗ ಹೊಸ ಬಗೆಯ ಉತ್ತರ ಬರುತ್ತದೆ. ಮನುಷ್ಯ ಹಣಕ್ಕಾಗಿ ಮಾತ್ರ ದುಡಿಯುವುದಿಲ್ಲ, ಅವನಿಗೆ ಬೇಕಾದುದು ಮನ್ನಣೆ, ಇದು ಶಾಸ್ತ್ರಸಿದ್ಧ ಎನ್ನುತ್ತಾರೆ. ತರಬೇತಿಗೆಂದು ಕೂರಿಸಿ ಐದು ಮೆಟ್ಟಿಲಿನ ಗೋಪುರದ ಚಿತ್ರವನ್ನು ತೋರಿಸುತ್ತಾರೆ. ಆ ಗೋಪುರದ ತಳಪಾಯ ಎಷ್ಟು ಗಟ್ಟಿ ಎಂಬುದನ್ನು ದುಡಿಯುವವರು ತಿಳಿದಿರಬೇಕು.

ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಮ್ಯಾಸ್ಲೋ 1943ರಲ್ಲಿ ಒಂದು ಲೇಖನ ಬರೆದರು. ಹಸಿವು, ಭದ್ರತೆ, ಒಲವು, ಗೌರವ, ಕೊನೆಗೆ ಆತ್ಮವಿಕಾಸ. ಕೆಳಗಿನದು ತೀರಿದಂತೆ ಮೇಲಿನದು ತಲೆದೋರುತ್ತದೆ ಎಂಬುದು ಅದರ ಸಾರ. ಗೋಪುರದ ಚಿತ್ರ ಅವರದಲ್ಲ. ಆಡಳಿತಶಾಸ್ತ್ರ ಬೋಧಿಸುವವರು ಆಮೇಲೆ ಸೇರಿಸಿದ್ದು. ತಮ್ಮ ವಿಚಾರ ಹುಟ್ಟಿದ್ದು ಮನೋರೋಗಿಗಳನ್ನು ನೋಡಿ, ಅದನ್ನು ಕಾರ್ಖಾನೆಗೆ ಅನ್ವಯಿಸುವ ಮೊದಲು ಇನ್ನೂ ಎಷ್ಟೋ ಪರೀಕ್ಷೆ ಬೇಕು ಎಂದು ಮ್ಯಾಸ್ಲೋ ಅವರೇ 1965ರ ಪುಸ್ತಕದಲ್ಲಿ ಎಚ್ಚರಿಸಿದ್ದಾರೆ. 1976ರಲ್ಲಿ ವಾಬಾ ಮತ್ತು ಬ್ರಿಡ್‌ವೆಲ್ ಎಂಬ ವಿದ್ವಾಂಸರು ಅಲ್ಲಿಯವರೆಗಿನ ಪರೀಕ್ಷೆಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ಮೆಟ್ಟಿಲುಗಳ ಕ್ರಮಕ್ಕೆ ಆಧಾರ ಸಿಕ್ಕಿದ್ದು ಅತ್ಯಲ್ಪ.

ಇನ್ನೊಂದು ಕಥೆ ಶಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯದು. 1927ರಲ್ಲಿ ಅಲ್ಲಿ ಟೆಲಿಫೋನಿನ ರಿಲೇ ಜೋಡಿಸುವ ಐವರು ಹೆಣ್ಣುಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂರಿಸಿದರು. ಉತ್ಪಾದನೆ ಏರಿತು. ಆಸ್ಥೆ ತೋರಿದರೆ ಸಾಕು, ಕೆಲಸ ಹೆಚ್ಚುತ್ತದೆ ಎಂಬ ಪಾಠ ಇದರಿಂದ ಜಗತ್ತಿಗೆಲ್ಲ ಹಬ್ಬಿತು. ಅಲೆಕ್ಸ್ ಕೇರಿ 1967ರಲ್ಲಿ ಹಳೆಯ ದಾಖಲೆಗಳನ್ನು ಮತ್ತೆ ಓದಿ ಉಳಿದ ಸಂಗತಿಯನ್ನು ಮುಂದಿಟ್ಟರು. ಆ ಐವರಿಗೆ ಕೂಲಿಯ ಪದ್ಧತಿಯನ್ನೇ ಬದಲಿಸಿ, ತಮ್ಮ ಚಿಕ್ಕ ಗುಂಪಿನ ದುಡಿಮೆಗೆ ತಕ್ಕಂತೆ ಕೊಡಲಾಗಿತ್ತು. ಮಾತು ಹೆಚ್ಚಾಯಿತೆಂದು ಇಬ್ಬರನ್ನು ತೆಗೆದು ಬೇರೆಯವರನ್ನು ತಂದಿದ್ದರು. ಕೂಲಿಯ ಪದ್ಧತಿಯನ್ನು ಮಾತ್ರ ಬದಲಿಸಿದ ಇನ್ನೊಂದು ಗುಂಪಿನಲ್ಲಿ ಉತ್ಪಾದನೆ ನೂರಕ್ಕೆ ಸುಮಾರು 12ರಷ್ಟು ಏರಿತು. ಹಳೆಯ ಕೂಲಿಗೆ ಮರಳಿಸಿದೊಡನೆ ಇಳಿದುಹೋಯಿತು. ಇದರಲ್ಲಿ ಮನ್ನಣೆಯ ಪಾಲೆಷ್ಟು, ಕಾಸಿನ ಪಾಲೆಷ್ಟು?

ಹಾಗಿದ್ದೂ ಈ ಸಿದ್ಧಾಂತಗಳು ಏಕೆ ಸಾಯುವುದಿಲ್ಲ? ಚಪ್ಪಾಳೆ ಕೂಲಿಗಿಂತ ಅಗ್ಗ ಎಂಬುದು ಒಂದು ಕಾರಣ. ಇದನ್ನು ಬೋಧಿಸಿಯೇ ಜೀವನ ನಡೆಸುವ ಉಪನ್ಯಾಸಕರ ದಂಡು ಇದೆ ಎಂಬುದು ಇನ್ನೊಂದು. ಸಣ್ಣ ವ್ಯಾಪಾರಿಗಳಿಗೂ ಇದು ಗೊತ್ತು: ಕಂಪನಿಯವರು ಸಭೆ ಕರೆದು ಶಾಲು ಹೊದಿಸಿ ಹುರಿದುಂಬಿಸುತ್ತಾರೆ, ಕಮಿಷನ್ನಿನ ಮಾತೆತ್ತಿದರೆ ಗಡಿಯಾರ ನೋಡುತ್ತಾರೆ. ಎಲ್ಲಕ್ಕಿಂತ ದೊಡ್ಡ ಕಾರಣ ಬೇರೆ. ಉಪದೇಶದಿಂದ ಕೆಲಸ ಹೆಚ್ಚಿದರೆ ಕೀರ್ತಿ ಸಿದ್ಧಾಂತಕ್ಕೆ. ಹೆಚ್ಚದಿದ್ದರೆ ಕೆಲಸಗಾರನಲ್ಲಿ ಹುಮ್ಮಸ್ಸಿಲ್ಲವೆಂದು ತಪ್ಪು ಅವನ ತಲೆಗೆ. ಎಂದೂ ಸೋಲದಂತೆ ಕಟ್ಟಿದ ಲೆಕ್ಕವನ್ನು ಯಾರು ತಾನೆ ಬಿಡುತ್ತಾರೆ?

ಗೌರವ ಬೇಡವೆಂದು ನಾವು ಹೇಳುತ್ತಿಲ್ಲ. ಏಕವಚನದಲ್ಲಿ ಗದರಿಸಿಕೊಂಡು ದುಡಿದವರಿಗೆ ಅದರ ಬೆಲೆ ಗೊತ್ತು. ಈ ಸಿದ್ಧಾಂತಗಳಲ್ಲಿರುವ ಅರ್ಧ ಸತ್ಯ ಅದೇ. ನಮ್ಮವರೂ ಅವನ್ನು ನಂಬುವುದು ಅದರಿಂದಲೇ. ಆದರೆ ಗೌರವ ಕೂಲಿಯ ಜೊತೆಗೆ ಬರಬೇಕು, ಕೂಲಿಯ ಬದಲಿಗಲ್ಲ. ಪಾಳಿಯ ಹೊತ್ತು, ಯಂತ್ರದ ಬೇಲಿ, ಕೆಲಸದ ಹೊರೆ, ಇವುಗಳ ತೀರ್ಮಾನದಲ್ಲಿ ಕಾರ್ಮಿಕರ ಮಾತಿಗೆ ಒಪ್ಪಂದದಲ್ಲೇ ಜಾಗ ಕೊಡುವುದು ನಿಜವಾದ ಮನ್ನಣೆ.

ಮಾತುಕತೆಯ ಮೇಜಿನ ಮೇಲೆ ಆ ಗೋಪುರ ಬಂದರೆ ನಮ್ಮ ಪ್ರತಿನಿಧಿಗಳು ಮೂರೇ ಪ್ರಶ್ನೆ ಕೇಳಲಿ: ಇದನ್ನು ಎಷ್ಟು ಜನರ ಮೇಲೆ ಪರೀಕ್ಷಿಸಿದಿರಿ? ಆಗ ಅವರ ಕೂಲಿ ಎಷ್ಟಿತ್ತು? ನಡುವೆ ಅದನ್ನು ಬದಲಿಸಿದ್ದಿರಾ? ಉತ್ತರ ಬರುವವರೆಗೆ ಕೂಲಿಯ ಬೇಡಿಕೆ ಮೇಜಿನ ಮೇಲೆಯೇ ಇರಲಿ.