ಸಂಪಾದಕರ ಮಾತು: ರಾಮಣ್ಣನವರಿಗೆ ಚೆಕಾಫನ ಹೆಸರಿನ ಹಂಗು ಬೇಡ

ಬೆಸಗರಹಳ್ಳಿ ರಾಮಣ್ಣನವರನ್ನು ‘ಮಂಡ್ಯದ ಚೆಕಾಫ್’ ಎಂದು ಕರೆದು ಕೈ ತೊಳೆದುಕೊಳ್ಳುವ ಚಾಳಿ ಮತ್ತೆ ಶುರುವಾಗಿದೆ. ರಾಜಧಾನಿಯ ಮಾಸಿಕವೊಂದು ಈಚೆಗೆ ಡಾಕ್ಟರಾಗಿದ್ದ ಬರಹಗಾರರ ಮೇಲೆ ಪುಟಗಟ್ಟಲೆ ಬರೆಸಿತು. ಪುಟಗಳೆಲ್ಲ ರಷ್ಯಾದವರ ಪಾಲಾದವು, ನಮ್ಮವರಿಗೆ ಸಿಕ್ಕಿದ್ದು ಒಂದು ಪ್ಯಾರಾ. ಹಾಸ್ಯ ಮಾಸಿಕ ‘ಕೊರವಂಜಿ’ಯನ್ನು ಇಪ್ಪತ್ತೈದು ವರ್ಷ ನಡೆಸಿದ ರಾಶಿ, ಅನುಪಮಾ ನಿರಂಜನ, ರಾಮಣ್ಣ ಮೂವರನ್ನೂ ಅದರೊಳಗೇ ತುರುಕಿದ್ದಾರೆ. ರಾಮಣ್ಣನವರ ಹೆಸರಿನ ಮುಂದೆ, ಕಾಳಜಿ ಹೆಚ್ಚು ಕಲೆ ಕಡಿಮೆ ಎಂಬ ಅದೇ ಹಳೇ ಷರಾ. ನವ್ಯದ ಅಬ್ಬರದ ಕಾಲದಲ್ಲಿ ಅಂಟಿಸಿದ ಈ ಚೀಟಿಯನ್ನು ಕಿತ್ತು ನೋಡುವ ವ್ಯವಧಾನ ಇವತ್ತಿನವರಿಗೂ ಇಲ್ಲ.

ಚೆಕಾಫನ ಮೇಲೆ ನಮಗೆ ಮುನಿಸಿಲ್ಲ. ದುಡ್ಡು ಕೊಟ್ಟು ಜೀತದಿಂದ ಬಿಡುಗಡೆ ಪಡೆದ ಅಜ್ಜನ ಮೊಮ್ಮಗ ಅವನು. 1860ರಲ್ಲಿ ತಗನ್‌ರೋಗ್ ಎಂಬ ಬಂದರು ಪಟ್ಟಣದಲ್ಲಿ ಹುಟ್ಟಿ, 1884ರಲ್ಲಿ ಮಾಸ್ಕೋದಲ್ಲಿ ಡಾಕ್ಟರಿಕೆ ಮುಗಿಸಿದ. 1892ರಲ್ಲಿ ಮೆಲಿಖೊವೊ ಹಳ್ಳಿಯಲ್ಲಿ ಮನೆ ಮಾಡಿದ ವರ್ಷವೇ ಕಾಲರಾ ಭಯ ಎದ್ದಿತು. ಸುತ್ತಲಿನ ಇಪ್ಪತ್ತೈದು ಹಳ್ಳಿಗಳ ಹೊಣೆ ಹೊತ್ತು ಸಂಬಳವಿಲ್ಲದೆ ದುಡಿದ. ‘ಆರನೇ ವಾರ್ಡು’ ಅಚ್ಚಾದದ್ದೂ ಅದೇ ವರ್ಷ. ಆಸ್ಪತ್ರೆಯ ಕೊಳಕನ್ನೂ ಹೊಡೆತವನ್ನೂ ಕಂಡೂ ಕಾಣದಂತೆ ಇದ್ದ ಡಾಕ್ಟರ್ ರಾಗಿನ್ ಕೊನೆಗೆ ಅದೇ ವಾರ್ಡಿನೊಳಗೆ ಬೀಗ ಬಿದ್ದು ಸಾಯುತ್ತಾನೆ. ತಾನೇ ಡಾಕ್ಟರಾಗಿದ್ದವನು ಡಾಕ್ಟರನ್ನು ಕಟಕಟೆಗೆ ತಂದ ಕಥೆ ಅದು. ರಾಮಣ್ಣನವರ ಜೊತೆ ಹೋಲಿಸಲೇಬೇಕು ಎನ್ನುವವರು ಇಲ್ಲಿಂದ ಹೋಲಿಸಬೇಕು. ಇಬ್ಬರೂ ಡಾಕ್ಟರು, ಇಬ್ಬರೂ ಸಣ್ಣಕಥೆ ಬರೆದರು ಎಂಬಲ್ಲಿಗೆ ನಿಲ್ಲಿಸಿದರೆ ಅದು ವಿಮರ್ಶೆಯಾಗುವುದಿಲ್ಲ.

‘ಗಾಂಧಿ’ ಕಥೆಯನ್ನೇ ತೆಗೆದುಕೊಳ್ಳಿ. ಬಡವರ ಮನೆಯ ಹುಡುಗ, ಹೆಸರು ಗಾಂಧಿ, ಆಸ್ಪತ್ರೆ ಸೇರಿ ಅಲ್ಲೇ ಸಾಯುತ್ತಾನೆ. ಆ ಹೆಸರನ್ನು ಸಂಕೇತ ಎಂದು ಬಿಡಿಸಿ ಹೇಳುವುದರಲ್ಲೇ ನಮ್ಮ ಮೇಷ್ಟ್ರುಗಳು ಪೀರಿಯಡ್ಡು ಮುಗಿಸುತ್ತಾರೆ. ಸಂಕೇತ ಇದೆ, ಅದಕ್ಕೆ ತಕರಾರಿಲ್ಲ. ಆದರೆ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದದ್ದು 1938ರ ಏಪ್ರಿಲ್‌ನಲ್ಲಿ. ಮರು ತಿಂಗಳೇ, ಅದೇ ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯಲ್ಲಿ ರಾಮಣ್ಣ ಹುಟ್ಟಿದರು. ಆಗಿನ್ನೂ ಮಂಡ್ಯ ಜಿಲ್ಲೆಯೇ ಆಗಿರಲಿಲ್ಲ, ಅದಾದದ್ದು 1939ರಲ್ಲಿ. ಆ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಗಾಂಧಿ ಎಂಬುದು ತೊಟ್ಟಿಲಲ್ಲಿ ಕೂಗುವ ಹೆಸರು. ಮನೆಯವರು ಆಸೆಯಿಂದ ಇಟ್ಟುಕೊಂಡ ಹೆಸರಿನ ಮಗು ಸರ್ಕಾರದ ಮಂಚದ ಮೇಲೆ ಹೋಗುತ್ತದೆ. ಯಾವ ಔಷಧ ಯಾರ ಕೈಯಲ್ಲಿ ನಿಲ್ಲುತ್ತದೆ, ಯಾರ ಮುಖ ನೋಡಿ ಯಾರಿಗೆ ಬಾಗಿಲು ತೆರೆಯುತ್ತದೆ ಎಂಬುದು ಆಸ್ಪತ್ರೆಯ ಒಳಗೇ ನಿಂತವನಿಗೆ ಗೊತ್ತಾಗುವ ಸಂಗತಿ. ಆ ಕಥೆಯ ಸಿಟ್ಟು ಅಲ್ಲಿಂದ ಬಂದದ್ದು. ಚೆಕಾಫ್ ಸಿಟ್ಟನ್ನು ಅದುಮಿಟ್ಟುಕೊಂಡು ಬರೆದ, ರಾಮಣ್ಣ ಅದುಮಿಡಲಿಲ್ಲ. ಅದುಮಿಟ್ಟದ್ದೆಲ್ಲ ಕಲೆ, ಬಿಚ್ಚಿದ್ದೆಲ್ಲ ಭಾಷಣ ಎಂಬ ಕಾನೂನನ್ನು ಮಾಡಿದವರು ಯಾರು? ನಾವಂತೂ ಅದಕ್ಕೆ ರುಜು ಹಾಕಿಲ್ಲ.

ಕಲೆಯ ಮಾತಿಗೇ ಬರೋಣ. ನಮ್ಮ ಕಡೆಯ ರೋಗಿ ಡಾಕ್ಟರ ಮುಂದೆ ಕೂತ ತಕ್ಷಣ ಕಾಯಿಲೆ ಹೇಳುವುದಿಲ್ಲ. ಹಸು ಗಬ್ಬ ನಿಲ್ಲದ್ದು, ಆಲೆಮನೆಯಲ್ಲಿ ಬೆಲ್ಲ ಕಪ್ಪಾದದ್ದು, ಸೊಸೆ ತವರಿಗೆ ಹೋದದ್ದು, ಎಲ್ಲ ಮುಗಿದ ಮೇಲೆ, ಎದ್ದು ಹೊರಡುವಾಗ, “ಅಂಗೇ ಇಲ್ಲೊಸಿ ನೋಯ್ತದೆ ಕಣಪ್ಪ” ಎನ್ನುತ್ತಾರೆ. ಅಲ್ಲಿಯವರೆಗೆ ತಾಳ್ಮೆಯಿಂದ ಕಿವಿಗೊಟ್ಟವನಿಗೆ ಮಾತ್ರ ರೋಗ ಸಿಗುತ್ತದೆ. ರಾಮಣ್ಣನವರ ಸಂಭಾಷಣೆಯ ನಡೆಯಲ್ಲಿ ನನಗೆ ಕೇಳುವುದು ಇದೇ. ಜನ ಸುತ್ತಿ ಬಳಸಿ ಬಂದು ನೋವಿನ ಹತ್ತಿರ ನಿಲ್ಲುತ್ತಾರೆ, ಕಥೆಗಾರ ಅವರನ್ನು ಅವಸರಿಸುವುದಿಲ್ಲ. ಇದನ್ನು ‘ಗ್ರಾಮೀಣ ಸೊಗಡು’ ಎಂದು ಕರೆದು ಮುಂದೆ ಹೋಗುವ ವಿಮರ್ಶಕರಿಗೆ ನಮ್ಮ ಮಾತು ಸೊಗಡಾಗಿ ಮಾತ್ರ ಮೂಗಿಗೆ ಬಡಿಯುತ್ತದೆ, ಮಾತಾಗಿ ಕಿವಿಗೆ ಬೀಳುವುದಿಲ್ಲ. ಡಾಕ್ಟರಿಕೆಯ ನಡುವೆ ಬಿಡುವಿನಲ್ಲಿ ಬರೆದವರು ಎಂಬ ಹೊಗಳಿಕೆಯೂ ನನಗೆ ಸೇರದು. ಬಿಡುವಿನಲ್ಲಿ ಬರೆದವರು ‘ನೆಲದ ಒಡಲು’, ‘ಗರ್ಜನೆ’, ‘ಕೊಳಲು ಮತ್ತು ಖಡ್ಗ’ ಎಂದು ಸಂಕಲನದ ಮೇಲೆ ಸಂಕಲನ ಕೊಟ್ಟು, ‘ತೋಳಗಳ ನಡುವೆ’ಯಂಥ ಕಾದಂಬರಿಯನ್ನೂ ಬರೆಯುವುದಿಲ್ಲ. ರೋಗಿಯ ಮುಂದೆ ಕೂತದ್ದೂ ಕಾಗದದ ಮುಂದೆ ಕೂತದ್ದೂ ಅವರಿಗೆ ಒಂದೇ ಕೆಲಸ.

ಇನ್ನು ನಮ್ಮವರ ತಪ್ಪು. ರೈತ ನಾಯಕ ಪುಟ್ಟಣ್ಣಯ್ಯನವರ ಊರಾದ ಕ್ಯಾತನಹಳ್ಳಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ರಾಮಣ್ಣ ಎಂದರೆ ಮೊದಲು ಲೇಖಕ ಕ್ಯಾತನಹಳ್ಳಿ ರಾಮಣ್ಣನವರೇ ನೆನಪಾಗುತ್ತಾರೆ, ಅದು ಸಹಜ. ಆದರೆ ಕಟ್ಟೆಯ ನೀರು, ಕಬ್ಬು, ಸಾಲ ಎಂದು ಹೋರಾಟ ಕಟ್ಟಿದ ಈ ತಾಲ್ಲೂಕಿನಲ್ಲಿ ಬೆಸಗರಹಳ್ಳಿಯ ಡಾಕ್ಟರ ಕಥೆಗಳು ಓದುವ ಪಠ್ಯವಾಗಲಿಲ್ಲ. ಅವರ ಕಥೆಗಳ ಸಂಪುಟದ ಹೆಸರೇ ‘ಕನ್ನಂಬಾಡಿ’. ಆ ಹೆಸರಿನ ಊರು ಮುಳುಗಿದ್ದು ಇಲ್ಲೇ ಪಕ್ಕದಲ್ಲಿ, ಕೃಷ್ಣರಾಜಸಾಗರದ ನೀರಿನಡಿ. ಅಕ್ಟೋಬರ್ ಎರಡು ಬಂದರೆ ‘ಗಾಂಧಿ’ಯ ನಾಲ್ಕು ಸಾಲು, ಅವರ ಹೆಸರಿನ ಕಥಾ ಪ್ರಶಸ್ತಿ ಘೋಷಣೆಯಾದರೆ ಒಂದು ಶಾಲಿನ ಫೋಟೋ, ಅಷ್ಟಕ್ಕೆ ನಮ್ಮ ಅಭಿಮಾನ ಮುಗಿಯಿತು. ಅವರು 1998ರ ಜುಲೈನಲ್ಲಿ ತೀರಿಕೊಂಡರು. ಅಲ್ಲಿಂದೀಚೆಗೆ ಹುಟ್ಟಿದ ಮಕ್ಕಳು ಈಗ ಕಾಲೇಜು ಮುಗಿಸಿದ್ದಾರೆ. ಎರಡನೇ ಕಥೆಯ ಹೆಸರು ಕೇಳಿದರೆ ಎಷ್ಟು ಮಂದಿ ಹೇಳಿಯಾರು?

ಅದಕ್ಕೇ ಈ ಸಂಚಿಕೆ ಡಾಕ್ಟರ್ ಕಥೆಗಾರರಿಗೆ ಮೀಸಲು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕನ್ನಡ ಮೇಷ್ಟ್ರುಗಳಲ್ಲಿ ಒಂದು ಬೇಡಿಕೆ. ಈ ವರ್ಷ ‘ಗಾಂಧಿ’ಯನ್ನು ಬಿಟ್ಟು ರಾಮಣ್ಣನವರ ಇನ್ನೊಂದು ಕಥೆಯನ್ನು ತರಗತಿಯಲ್ಲಿ ಪೂರ್ತಿ, ಗಟ್ಟಿಯಾಗಿ ಓದಿಸಿ. ಓದಿದ ಮಕ್ಕಳು ಬರೆದದ್ದನ್ನು ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿದ್ದೇವೆ.