ಲೈಕ್ ಎಣಿಸಿದರೆ ಸಾಲದು: ಜಾಲತಾಣ ಬಾಡಿಗೆ ಅಂಗಡಿ, ಗ್ರಾಹಕರ ಪಟ್ಟಿಯೇ ಸ್ವಂತ ಆಸ್ತಿ

2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿದಂತೆ ಚೀನಾ ಮೂಲದ 59 ಆ್ಯಪ್‌ಗಳನ್ನು ನಿಷೇಧಿಸಿತು. ಅಲ್ಲಿ ವರ್ಷಗಟ್ಟಲೆ ದುಡಿದು ಫಾಲೋವರ್‌ಗಳನ್ನು ಸಂಪಾದಿಸಿದ್ದವರ ಖಾತೆಗಳು ಕೆಲವೇ ದಿನಗಳಲ್ಲಿ ಕೆಲಸಕ್ಕೆ ಬಾರದಂತಾದವು. ಮರುವರ್ಷ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮತ್ತು ವಾಟ್ಸ್‌ಆ್ಯಪ್ ಒಟ್ಟಿಗೇ ಸುಮಾರು ಆರು ಗಂಟೆ ಸ್ಥಗಿತಗೊಂಡವು.

ಈ ಎರಡೂ ಘಟನೆಗಳ ಪಾಠ ಒಂದೇ. ಸಾಮಾಜಿಕ ಜಾಲತಾಣದಲ್ಲಿನ ಪೇಜ್ ಬಾಡಿಗೆ ಅಂಗಡಿ ಇದ್ದಂತೆ. ಮಾಲೀಕ ಬೇರೆಯವನು, ನಿಯಮ ಅವನದು. 2018ರ ಜನವರಿಯಲ್ಲಿ ಫೇಸ್‌ಬುಕ್, ವ್ಯಾಪಾರಿ ಪೇಜ್‌ಗಳಿಗಿಂತ ಸ್ನೇಹಿತರು ಮತ್ತು ಕುಟುಂಬದವರ ಪೋಸ್ಟ್‌ಗಳಿಗೆ ಆದ್ಯತೆ ನೀಡುವುದಾಗಿ ಪ್ರಕಟಿಸಿತು. ಹೀಗಾದಾಗ ಪೇಜ್ ಲೈಕ್ ಮಾಡಿದವರಿಗೂ ಪೋಸ್ಟ್ ತಲುಪುವ ಖಾತರಿ ಇಲ್ಲ. ತಲುಪಿಸಬೇಕಾದರೆ ಜಾಹೀರಾತಿಗೆ ದುಡ್ಡು ಕೊಡಬೇಕು.

ಸಣ್ಣ ವ್ಯಾಪಾರಿಗಳು ಏನು ಮಾಡಬಹುದು?

ಮುಂಬೈನ ಉಡುಪಿ ಹೋಟೆಲ್ ಇರಲಿ, ಪುಣೆಯಲ್ಲಿ ಮನೆಯಲ್ಲೇ ಚಟ್ನಿಪುಡಿ ಮಾಡಿ ಮಾರುವವರಿರಲಿ, ಗ್ರಾಹಕರು ಸಾಮಾನ್ಯವಾಗಿ ಹತ್ತಿರದವರೇ. ಅವರಿಗೆ ದೇಶವೆಲ್ಲ ನೋಡುವ ರೀಲ್ಸ್‌ಗಿಂತ ಗೂಗಲ್ ಮ್ಯಾಪ್‌ನಲ್ಲಿ ಸರಿಯಾದ ವಿಳಾಸ, ಅಂಗಡಿ ತೆರೆಯುವ ಸಮಯ, ಕರೆ ಮಾಡಿದರೆ ಸಿಗುವ ನಂಬರ್ ಹೆಚ್ಚು ಉಪಯೋಗಕ್ಕೆ ಬರುತ್ತವೆ. 2018ರಲ್ಲಿ ಭಾರತಕ್ಕೆ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಉಚಿತ. ಬೆಲೆ ಸಮೇತ ಪದಾರ್ಥಗಳ ಪಟ್ಟಿಯನ್ನು ಅದರಲ್ಲೇ ಹಾಕಬಹುದು.

ಆದರೆ ಆರ್ಡರ್ ಕೊಟ್ಟವರ ಹೆಸರು, ನಂಬರನ್ನು ಅವರ ಒಪ್ಪಿಗೆ ಪಡೆದು ಬೇರೆ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಮುಖ್ಯ. ನಾಳೆ ಖಾತೆ ಹ್ಯಾಕ್ ಆದರೂ, ಆ್ಯಪ್ ನಿಂತುಹೋದರೂ ವ್ಯಾಪಾರ ನಿಲ್ಲುವುದಿಲ್ಲ. ಎಷ್ಟು ಲೈಕ್ ಬಂತು ಎನ್ನುವುದಕ್ಕಿಂತ ಎಷ್ಟು ಜನ ಕೊಂಡರು, ಅವರಲ್ಲಿ ಎಷ್ಟು ಜನ ಮತ್ತೆ ಬಂದರು ಎಂಬ ಲೆಕ್ಕವೇ ಲಾಭ ತೋರಿಸುತ್ತದೆ.

ಇನ್‌ಫ್ಲುಯೆನ್ಸರ್‌ಗಳಿಂದ ಪ್ರಚಾರ ಮಾಡಿಸುವವರು ಕಾನೂನನ್ನೂ ತಿಳಿದಿರಬೇಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಹಣ ಪಡೆದರಷ್ಟೇ ಅಲ್ಲ, ಪದಾರ್ಥವನ್ನು ಉಚಿತವಾಗಿ ಪಡೆದು ಹೊಗಳಿದರೂ ಅದನ್ನು ನೋಡುಗರಿಗೆ ಸ್ಪಷ್ಟವಾಗಿ ತಿಳಿಸಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪು ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ.

ಸೇವಾ ಸಂಸ್ಥೆಗಳ ಬಂಡವಾಳ ನಂಬಿಕೆ

2014ರಲ್ಲಿ ತಲೆಯ ಮೇಲೆ ಐಸ್ ನೀರು ಸುರಿದುಕೊಳ್ಳುವ 'ಐಸ್ ಬಕೆಟ್ ಚಾಲೆಂಜ್' ಜಗತ್ತನ್ನೇ ಸುತ್ತಿತು. ನರರೋಗವೊಂದರ ಸಂಶೋಧನೆಗಾಗಿ ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್‌ಗೆ 11.5 ಕೋಟಿ ಡಾಲರ್ ಹರಿದುಬಂತು. ಮರುವರ್ಷ ಮತ್ತೆ ಪ್ರಯತ್ನಿಸಿದಾಗ ಆ ಮೊತ್ತದ ಹತ್ತಿರಕ್ಕೂ ಬರಲಿಲ್ಲ. ಅಲೆ ಒಮ್ಮೆ ಬರುತ್ತದೆ, ಕರೆದಾಗಲೆಲ್ಲ ಬರುವುದಿಲ್ಲ.

ಅದೇ ವರ್ಷ ಹೈದರಾಬಾದ್‌ನಲ್ಲಿ 'ರೈಸ್ ಬಕೆಟ್ ಚಾಲೆಂಜ್' ಶುರುವಾಯಿತು. ನೀರು ಸುರಿದುಕೊಳ್ಳುವ ಬದಲು ಬಡವರಿಗೆ ಒಂದು ಬಕೆಟ್ ಅಕ್ಕಿ ಕೊಡಿ ಎಂಬ ಕರೆ ಅದು. ಏನು ಕೊಡಬೇಕು, ಯಾರಿಗೆ ಕೊಡಬೇಕು ಎಂಬುದು ಒಂದೇ ಮಾತಿನಲ್ಲಿ ಅರ್ಥವಾಗುತ್ತಿತ್ತು. 'ದಯವಿಟ್ಟು ಸಹಾಯ ಮಾಡಿ' ಎನ್ನುವ ಪೋಸ್ಟ್‌ಗಿಂತ 'ಇಷ್ಟು ಮಕ್ಕಳ ಪುಸ್ತಕಕ್ಕೆ ಇಷ್ಟು ಹಣ ಬೇಕು, ಇಷ್ಟು ಬಂದಿದೆ' ಎನ್ನುವ ಪೋಸ್ಟ್ ದಾನಿಯ ಮನಸ್ಸಿಗೆ ಬೇಗ ತಾಗುತ್ತದೆ.

ವಂಚಕರೂ ಇದೇ ದಾರಿ ಹಿಡಿದಿದ್ದಾರೆ. 2020ರ ಮಾರ್ಚ್‌ನಲ್ಲಿ ಪಿಎಂ ಕೇರ್ಸ್ ನಿಧಿ ಪ್ರಕಟವಾದ ಬೆನ್ನಲ್ಲೇ, ಅಸಲಿ ಯುಪಿಐ ಐಡಿಯಿಂದ 'ಎಸ್' ಅಕ್ಷರ ಒಂದನ್ನು ಬಿಟ್ಟು ಸೃಷ್ಟಿಸಿದ ನಕಲಿ ಐಡಿ ಹರಿದಾಡಿತ್ತು. ಆದ್ದರಿಂದ ಸಂಸ್ಥೆಗಳು ಯಾರದೋ ಸ್ವಂತ ನಂಬರಿನ ಕ್ಯೂಆರ್ ಕೋಡ್ ಹಾಕದೆ, ಸಂಸ್ಥೆಯ ಹೆಸರಿನ ಖಾತೆಯನ್ನೇ ಕೊಡಬೇಕು. ರಸೀದಿ ಕಳುಹಿಸಬೇಕು, ಖರ್ಚಿನ ಲೆಕ್ಕವನ್ನು ಅದೇ ಪೇಜ್‌ನಲ್ಲಿ ಹಾಕಬೇಕು.

ಹೊರರಾಜ್ಯದ ಕನ್ನಡ ಸಂಘಗಳು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಪೋಸ್ಟ್‌ಗೆ ಗಡಿ ಇಲ್ಲ, ದೇಣಿಗೆಗೆ ಇದೆ. ಭಾರತದ ಪೌರತ್ವ ಉಳಿಸಿಕೊಂಡಿರುವ ಅನಿವಾಸಿಯೊಬ್ಬರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡುವ ಹಣ ವಿದೇಶಿ ದೇಣಿಗೆಯಲ್ಲ. ಆದರೆ ಅಮೆರಿಕದ ಪೌರತ್ವ ಪಡೆದ ಕನ್ನಡಿಗರು ಕೊಟ್ಟರೆ ಅದು ವಿದೇಶಿ ದೇಣಿಗೆ. ಅದನ್ನು ಸ್ವೀಕರಿಸಲು ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಒಳ್ಳೆಯ ಉದ್ದೇಶಕ್ಕೆ ಹಾಕಿದ ಒಂದು ಕ್ಯೂಆರ್ ಕೋಡ್ ಸಂಘವನ್ನು ಕಾನೂನಿನ ತೊಡಕಿಗೆ ಸಿಲುಕಿಸಬಹುದು.

ಜಾಲತಾಣ ಜನರನ್ನು ಬಾಗಿಲವರೆಗೆ ಕರೆತರುತ್ತದೆ. ಬಂದವರು ಉಳಿಯುವುದು ಅಂಗಡಿಯಾದರೆ ಪದಾರ್ಥದ ಗುಣದಿಂದ, ಸಂಸ್ಥೆಯಾದರೆ ಲೆಕ್ಕದ ಶುದ್ಧಿಯಿಂದ.