ಗುಳೆ ಹೋದ ಕೂಸಿಗೂ ಒಂದು ಅಂಗನವಾಡಿ

ಅಂಗನವಾಡಿ ಎಂಬ ವ್ಯವಸ್ಥೆ ನೆಲೆನಿಂತ ಊರನ್ನು ನಂಬಿ ರೂಪುಗೊಂಡದ್ದು. ಇಷ್ಟು ಜನಸಂಖ್ಯೆಗೆ ಒಂದು ಕೇಂದ್ರ, ಆ ವ್ಯಾಪ್ತಿಯ ಮನೆಗಳನ್ನು ಸುತ್ತಿ ಬಸುರಿ ಬಾಣಂತಿಯರನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಪುಸ್ತಕದಲ್ಲಿ ಬರೆದುಕೊಳ್ಳುವ ಒಬ್ಬ ಕಾರ್ಯಕರ್ತೆ, ಬರೆದ ಹೆಸರುಗಳ ಲೆಕ್ಕಕ್ಕೆ ಸರಿಯಾಗಿ ಬರುವ ಆಹಾರ ಸಾಮಗ್ರಿ ಎಂಬುದು ಅದರ ಮೂಲ ವಿನ್ಯಾಸ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ, ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಒಕ್ಕಲುತನದ ಅಂತಹ ತಾಲ್ಲೂಕಿಗೆ ಈ ವಿನ್ಯಾಸ ಒಪ್ಪುವಂಥದೇ ಆಗಿತ್ತು. ಆದರೆ ಯಾದಗಿರಿ, ರಾಯಚೂರು, ಕಲಬುರಗಿಯ ಹಳ್ಳಿ ಮತ್ತು ತಾಂಡಾಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಬರುವ ಕುಟುಂಬವಾಗಲಿ, ಅಸ್ಸಾಮಿನಿಂದ ಕೊಡಗಿನ ಕಾಫಿ ತೋಟಕ್ಕೆ ಬರುವ ಕುಟುಂಬವಾಗಲಿ ಈ ಪುಸ್ತಕಕ್ಕೆ ಸುಲಭವಾಗಿ ಸಿಕ್ಕುವುದಿಲ್ಲ. ಬಿಟ್ಟ ಊರಿನಲ್ಲಿ ಮಗುವಿನ ಹೆಸರಿದೆ, ಮಗುವಿಲ್ಲ. ಬಂದ ಊರಿನಲ್ಲಿ ಮಗುವಿದೆ, ಹೆಸರಿಲ್ಲ.

ಹೆಸರಿಲ್ಲದ ಮಗುವಿಗೆ ತಪ್ಪುವುದು ಅಂಗನವಾಡಿಯ ಆಹಾರವಷ್ಟೇ ಅಲ್ಲ, ಶಾಲಾಪೂರ್ವ ಶಿಕ್ಷಣವೂ. ಹಾಗೆಂದರೆ ಮೂರು ವರ್ಷದ ಮಗುವಿಗೆ ಅಕ್ಷರ ತಿದ್ದಿಸುವುದಲ್ಲ. ಆಟ, ಹಾಡು, ಕತೆ, ಬಣ್ಣ, ಮರಳು, ಜೊತೆಗಾರರ ಸಹವಾಸದ ಮೂಲಕ ಮಾತು, ಗಮನ, ಕೈಬೆರಳುಗಳ ಹಿಡಿತ ಮತ್ತು ಇನ್ನೊಬ್ಬರೊಡನೆ ಹೊಂದಿಕೊಳ್ಳುವ ಗುಣ ಮೂಡುವಂತೆ ನೋಡಿಕೊಳ್ಳುವುದು ಅದರ ತಿರುಳು. ಹೊಟ್ಟೆಗೆ ಆಹಾರ, ಮಲಗಲು ಜಾಗ, ಕಾಯಿಲೆಗೆ ಲಸಿಕೆ ಅದರ ಬೇರ್ಪಡಿಸಲಾಗದ ಭಾಗ. ಮಿದುಳಿನ ಬೆಳವಣಿಗೆಯಲ್ಲಿ ಶೇಕಡ 85ಕ್ಕಿಂತ ಹೆಚ್ಚು ಆರು ವರ್ಷದೊಳಗೇ ಆಗುತ್ತದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ 1962ರಿಂದ 1967ರವರೆಗೆ ನಡೆದ ಪೆರ್ರಿ ಶಾಲಾಪೂರ್ವ ಪ್ರಯೋಗವು ಬಡ ಆಫ್ರಿಕನ್ ಅಮೆರಿಕನ್ ಕುಟುಂಬಗಳ 123 ಮಕ್ಕಳನ್ನು ಆಯ್ದು, ಅರ್ಧದಷ್ಟು ಮಕ್ಕಳಿಗೆ ಒಳ್ಳೆಯ ಶಿಶುವಿಹಾರ ಒದಗಿಸಿತು. ಅವರಿಗೆ 40 ತುಂಬಿದಾಗ ನೋಡಿದರೆ ಓದು, ಸಂಪಾದನೆ ಎರಡರಲ್ಲೂ ಶಿಶುವಿಹಾರಕ್ಕೆ ಹೋದವರು ಉಳಿದವರಿಗಿಂತ ಮುಂದಿದ್ದರು. ಆ ಪ್ರಯೋಗದಲ್ಲಿ ಒಬ್ಬ ಶಿಕ್ಷಕರಿಗೆ ಐದಾರು ಮಕ್ಕಳಷ್ಟೇ ಇದ್ದರು, ಶಿಕ್ಷಕರು ವಾರಕ್ಕೊಮ್ಮೆ ಮನೆಗೂ ಹೋಗುತ್ತಿದ್ದರು ಎಂಬುದನ್ನು ಮರೆಯಬಾರದು. ಅಲ್ಲಿ ಫಲ ಕೊಟ್ಟದ್ದು ಈ ಬಗೆಯ ಆಸ್ಥೆಯ ಕಲಿಕೆ.

ಕಾನೂನು ಈ ವಯಸ್ಸಿನ ಮಗುವಿನ ವಿಷಯದಲ್ಲಿ ಹಿಂಜರಿದು ಮಾತನಾಡುತ್ತದೆ. 2002ರ 86ನೆಯ ಸಂವಿಧಾನ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದವರ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಆರರೊಳಗಿನವರನ್ನು ಮಾತ್ರ, ನ್ಯಾಯಾಲಯದಲ್ಲಿ ನೇರವಾಗಿ ಜಾರಿಗೊಳಿಸಲಾಗದ ರಾಜ್ಯನೀತಿಯ ನಿರ್ದೇಶಕ ತತ್ವಗಳಲ್ಲಿ ಸೇರಿದ 45ನೆಯ ವಿಧಿಗೆ ಬಿಟ್ಟು, ಸರ್ಕಾರ ಪ್ರಯತ್ನಿಸಬೇಕು ಎಂದಿತು. 2009ರ ಶಿಕ್ಷಣ ಹಕ್ಕು ಕಾಯಿದೆಯೂ ಮೂರು ವರ್ಷ ದಾಟಿದವರಿಗೆ ಉಚಿತ ಶಾಲಾಪೂರ್ವ ಶಿಕ್ಷಣದ ವ್ಯವಸ್ಥೆಯನ್ನು ಸರ್ಕಾರ ಮಾಡಬಹುದು ಎಂದಷ್ಟೇ ಹೇಳುತ್ತದೆ. ಇದಕ್ಕಿಂತ ಗಟ್ಟಿಯಾದ ಮಾತು ಬಂದದ್ದು ಸುಪ್ರೀಂ ಕೋರ್ಟಿನಿಂದ. ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಬಡಾವಣೆಯವರು ಕೇಳಿದರೆ ಮೂರು ತಿಂಗಳೊಳಗೆ ಕೇಂದ್ರ ತೆರೆಯಬೇಕೆಂದು 2006ರ ಡಿಸೆಂಬರ್ 13ರಂದು ಅದು ಆದೇಶಿಸಿತು. ಆದರೆ ಗುತ್ತಿಗೆದಾರ ಹಾಕಿಕೊಟ್ಟ ತಗಡಿನ ಶೆಡ್ಡುಗಳಲ್ಲಿ ಇರುವ, ಕೆಲಸ ಮುಗಿದೊಡನೆ ಇನ್ನೊಂದು ಕಾಮಗಾರಿಗೆ ತೆರಳುವ, ಸ್ಥಳೀಯ ವಿಳಾಸವೂ ಮತವೂ ಇಲ್ಲದ ಜನ ಯಾರನ್ನು ಕೇಳಬೇಕು? ಕೇಳಿದವರಿಗೆ ಕೊಡುವ ಹಕ್ಕು ಕೇಳಲಾರದವರನ್ನು ಮುಟ್ಟುವುದಿಲ್ಲ.

ಕೆಲಸದ ಜಾಗದಲ್ಲೇ ಶಿಶುಪಾಲನಾ ಕೇಂದ್ರ ಇರಬೇಕೆಂಬ ನಿಯಮವೂ ಹೊಸದಲ್ಲ. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡ ಕಾಮಗಾರಿಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಕೊಠಡಿ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯಿದೆ ವಿಧಿಸಿತ್ತು. ಅಂಥದ್ದೇ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯಿದೆ ಕಾಫಿ, ಚಹಾ ತೋಟಗಳ ಮೇಲೆ ಹೊರಿಸಿತ್ತು. ಒಂದೇ ಕಟ್ಟಡದ ಕೆಲಸ ಹತ್ತು ಮೇಸ್ತ್ರಿಗಳ ನಡುವೆ ಹಂಚಿಹೋಗಿ, ಪ್ರತಿಯೊಬ್ಬನ ಪಟ್ಟಿಯಲ್ಲೂ ಐವತ್ತಕ್ಕಿಂತ ಕಡಿಮೆ ಹೆಂಗಸರು ಕಾಣುವಲ್ಲಿ ಇಂತಹ ನಿಯಮ ಉಳಿಯುವುದು ಕಾಗದದಲ್ಲೇ. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯು ಹೆಂಗಸರ ಬದಲು ಒಟ್ಟು ಕಾರ್ಮಿಕರ ಸಂಖ್ಯೆಯನ್ನೇ ಲೆಕ್ಕಕ್ಕೆ ಹಿಡಿದಿರುವುದು ಒಳ್ಳೆಯ ಬದಲಾವಣೆ, ಏಕೆಂದರೆ ಮಗು ತಾಯಿಯದಷ್ಟೇ ಅಲ್ಲ, ತಂದೆಯದೂ ಹೌದು. ಹಣದ ಕೊರತೆಯನ್ನಂತೂ ಯಾರೂ ನೆಪವಾಗಿಸುವಂತಿಲ್ಲ. ಕಟ್ಟಡ ವೆಚ್ಚದ ಶೇಕಡ 1ರಷ್ಟು ಸೆಸ್ ಕಾರ್ಮಿಕರ ಕಲ್ಯಾಣಕ್ಕೆಂದೇ ಸಂಗ್ರಹವಾಗುತ್ತದೆ. ದೆಹಲಿಯಲ್ಲಿ 1969ರಲ್ಲೇ ಮೀರಾ ಮಹಾದೇವನ್ ಅವರು ಕಟ್ಟಡ ಕೆಲಸದ ಜಾಗದಲ್ಲಿ ಡೇರೆಯೊಂದರಲ್ಲಿ ಆರಂಭಿಸಿದ ಮೊಬೈಲ್ ಕ್ರೆಶಸ್ ಸಂಸ್ಥೆ, ಕೆಲಸ ಸಾಗಿದಲ್ಲಿಗೆ ಶಿಶುಪಾಲನೆಯೂ ಸಾಗಬಲ್ಲದು ಎಂದು ತೋರಿಸಿಕೊಟ್ಟಿತ್ತು.

ಹತ್ತಿರದಲ್ಲೇ ಅಂಗನವಾಡಿ ಇದ್ದರೂ ವೇಳೆ ಹೊಂದುವುದಿಲ್ಲ. ಕೇಂದ್ರ ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ, ಗಾರೆ ಕೆಲಸ ಆರರವರೆಗೆ ನಡೆಯುತ್ತದೆ. ನಡುವಿನ ಹೊತ್ತನ್ನು ತುಂಬುವವಳು ಎಂಟು ಹತ್ತು ವರ್ಷದ ಅಕ್ಕ. ತಮ್ಮನ ಶಿಶುವಿಹಾರದ ಜೊತೆಗೆ ಅಕ್ಕನ ಶಾಲೆಯೂ ಹೋಗುವುದು ಹೀಗೆ. ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತರಿ ಕೂಲಿಕಾರರ ಮಕ್ಕಳಿಗಾಗಿ ತೆರೆದ ‘ಕೂಸಿನ ಮನೆ’ ಈ ಕಷ್ಟವನ್ನು ಅರಿತ ಯೋಜನೆ. ಊರಿನಲ್ಲಿ ಸಿಗುವ ಆ ಆಸರೆ, ಅದೇ ತಾಯಿ ನಗರಕ್ಕೆ ಬಂದಾಗ ಇಲ್ಲವಾಗುತ್ತದೆ. ಇತ್ತ ಸಮೀಕ್ಷೆ, ಚುನಾವಣಾ ಕೆಲಸ, ಆಹಾರ ವಿತರಣೆಯ ದಾಖಲೆ ಎಲ್ಲವನ್ನೂ ಹೊತ್ತ ಕಾರ್ಯಕರ್ತೆಯಿಂದ ಗುಣಮಟ್ಟದ ಕಲಿಕೆಯನ್ನು ಬಯಸುವ ಕೇಂದ್ರ ಸರ್ಕಾರ ಆಕೆಯ ಗೌರವಧನವನ್ನು ತಿಂಗಳಿಗೆ 4,500 ರೂಪಾಯಿ ಎಂದು 2018ರಲ್ಲಿ ನಿಗದಿಮಾಡಿತು. ಅದರ ಮೇಲಿನದನ್ನು ರಾಜ್ಯಗಳು ತಮ್ಮಿಷ್ಟದಂತೆ ಸೇರಿಸುತ್ತವೆ. ಇಷ್ಟೊಂದು ಹೊರೆಗೆ ಇಷ್ಟು ಕಡಿಮೆ ಗೌರವಧನ ಅನ್ಯಾಯ.

ಭಾಷೆಯ ವಿಷಯವನ್ನು ಕನ್ನಡಿಗರು ವಿಶೇಷವಾಗಿ ಗಮನಿಸಬೇಕು. ಲಂಬಾಣಿ, ಒಡಿಯಾ, ಬಂಗಾಳಿ ಮನೆಮಾತಿನ ಮಗುವಿಗೆ ಕನ್ನಡ ಸಲೀಸಾಗಿ, ಆಟದ ನಡುವೆಯೇ ಬರುವ ವಯಸ್ಸೆಂದರೆ ಇದೇ. ಅದರ ಮನೆಮಾತಿನ ನಾಲ್ಕು ಹಾಡುಗಳನ್ನು ಕಲಿತ ಕಾರ್ಯಕರ್ತೆ ಆ ಮಗುವನ್ನು ಕನ್ನಡಕ್ಕೆ ಕರೆತರುವಷ್ಟು ಪರಿಣಾಮಕಾರಿಯಾಗಿ ಬೇರಾವ ಕಡ್ಡಾಯ ನಿಯಮವೂ ಕರೆತರಲಾರದು. ಗೋವಾ, ಮುಂಬಯಿ, ಪುಣೆಗಳಲ್ಲಿ ದುಡಿಯುವ ಉತ್ತರ ಕರ್ನಾಟಕದ ಕುಟುಂಬಗಳ ಮಕ್ಕಳೂ ಅಲ್ಲಿ ಇಂಥದೇ ಬಾಗಿಲ ಹೊರಗೆ ನಿಂತಿರುವುದರಿಂದ, ಇಲ್ಲಿ ತೋರುವ ಔದಾರ್ಯವನ್ನು ಅಲ್ಲಿಯೂ ಕೇಳುವ ಅಧಿಕಾರ ಕರ್ನಾಟಕಕ್ಕೆ ಬರುತ್ತದೆ.

ದೊಡ್ಡ ಕಟ್ಟಡಗಳಿಗೆ ಪರವಾನಗಿ ಕೊಡುವಾಗಲೇ ಶಿಶುಪಾಲನಾ ಕೊಠಡಿಯನ್ನು ಷರತ್ತಾಗಿಸಬೇಕು. ಅದರ ವೆಚ್ಚಕ್ಕೆ ಸೆಸ್ ಹಣ ಬಳಸಬೇಕು. ವಲಸೆ ಕಾರ್ಮಿಕರ ವಸತಿಗಳ ಬಳಿಯ ಅಂಗನವಾಡಿಗಳನ್ನು ಇನ್ನೊಬ್ಬ ಕಾರ್ಯಕರ್ತೆಯ ನೆರವಿನಿಂದ ಸಂಜೆ ಆರರವರೆಗೆ ತೆರೆದಿಡಬೇಕು. ವಿಳಾಸದ ಪುರಾವೆ ಕೇಳದೆ ಮಗುವನ್ನು ಬಂದ ದಿನವೇ ಸೇರಿಸಿಕೊಳ್ಳಬೇಕು. ಕಾರ್ಮಿಕ ಇಲಾಖೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗಳೆರಡೂ ಒಂದೆಡೆ ಕುಳಿತು, ಬೆಂಗಳೂರಿನ ಶೆಡ್ಡುಗಳಲ್ಲಿ ಎಷ್ಟು ಮಕ್ಕಳಿದ್ದಾರೆಂದು ಎಣಿಸುವ ಕೆಲಸವನ್ನು ಮೊದಲು ಕೈಗೆತ್ತಿಕೊಳ್ಳಲಿ.